ಕಣ್ಣಿಗೆ ಕಾಣುವ ಕಾಮಣಿ, ಕಾಣದ ಕಾಮಣಿ

ಮಳೆಗಾಲ ಶುರುವಾಗಿ ಒಂದೆರಡು ತಿಂಗಳು ಕಳೆಯುವ ಹೊತ್ತಿಗೆ ವಿಜಯಪುರದ ಮಕ್ಕಳ ದವಾಖಾನೆಗಳಿಗೆ ಕಣ್ಣು ಹಳದಿಯಾದ ಮಕ್ಕಳು ಬರತೊಡಗುತ್ತಾರೆ. ಅವರಲ್ಲಿ ಹೆಚ್ಚಿನವರು ವೈದ್ಯರ ಮುಂದೆ ಕೂರುವಷ್ಟರಲ್ಲಿ ಕಾಮಣಿಗೆ, ಅಂದರೆ ಕಾಮಾಲೆಗೆ, ಔಷಧ ಕೊಡುವವರ ಮನೆಗೂ ಕಬ್ಬಿನ ಹಾಲಿನ ಅಂಗಡಿಗೂ ಹೋಗಿ ಬಂದಿರುತ್ತಾರೆ. ಕಾಮಣಿಯಾದವರು ಕಬ್ಬಿನ ಹಾಲು ಕುಡಿಯಬೇಕೆಂಬ ನಂಬಿಕೆ ನಮ್ಮ ಕಡೆ ಎಷ್ಟು ಗಟ್ಟಿಯಾಗಿದೆಯೆಂದರೆ, ಗಾಣದ ಪಕ್ಕದ ಬಕೆಟ್ಟಿನಲ್ಲಿ ಲೋಟ ಅದ್ದಿ ತೊಳೆಯುವ ನೀರು ಎಲ್ಲಿಯದು, ಮೇಲೆ ಹಾಕುವ ಬರ್ಫ ಯಾವ ನೀರಿನದು ಎಂದು ಯಾರೂ ಕೇಳುವುದಿಲ್ಲ. ಕಬ್ಬಿನ ಹಾಲಿನ ಸಕ್ಕರೆಯಿಂದ ಯಕೃತ್ತಿಗೆ ಕೇಡೇನಿಲ್ಲ. ಆದರೆ ಕಾಮಣಿ ತಂದ ವೈರಾಣು ಮೊದಲು ಮಗುವಿನ ಹೊಟ್ಟೆ ಸೇರಿದ್ದೇ ಅಂಥದೊಂದು ಲೋಟದಿಂದ ಇರಬಹುದು.

ಕಾಮಣಿ ಎಂಬ ಮಾತು ಬಣ್ಣವನ್ನಷ್ಟೇ ಹೇಳುತ್ತದೆ. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಯಕೃತ್ತು ಅದನ್ನು ಪಿತ್ತದ ಜೊತೆ ಕರುಳಿಗೆ ಸಾಗಹಾಕುತ್ತದೆ. ಈ ಕೆಲಸ ಎಲ್ಲಿ ತಡೆದು ನಿಂತರೂ ಕಣ್ಣು ಹಳದಿಯಾಗುತ್ತದೆ. ತಡೆದದ್ದು ಯಕೃತ್ತಿಗೆ ಉರಿಯೂತ ತರುವ ಹೆಪಟೈಟಿಸ್ ಎ ವೈರಾಣುವೋ, ಇ ವೈರಾಣುವೋ, ಪಿತ್ತನಾಳದ ದೋಷವೋ, ಯಕೃತ್ತಿನಲ್ಲಿ ಸೇರಿಕೊಂಡ ತಾಮ್ರವೋ ಎಂಬುದನ್ನು ಬಣ್ಣ ಹೇಳಲಾರದು. ಇದಕ್ಕಿಂತ ಕಷ್ಟದ ಸಂಗತಿಯೆಂದರೆ, ಮಕ್ಕಳ ಯಕೃತ್ತಿನಲ್ಲಿ ದಶಕಗಟ್ಟಲೆ ಕುಳಿತು ಕೇಡು ಮಾಡುವ ಹೆಪಟೈಟಿಸ್ ಬಿ ವೈರಾಣು ಹಸುಗೂಸಿಗೆ ತಗುಲಿದಾಗ ಸಾಮಾನ್ಯವಾಗಿ ಆ ಬಣ್ಣವನ್ನೂ ತೋರಿಸುವುದಿಲ್ಲ. ಕಂಡ ಕಾಮಣಿಗೆ ಹೆದರಿ ಊರೂರು ತಿರುಗುವ ನಾವು, ಕಾಣದ ಕಾಮಣಿಯನ್ನು ತಡೆಯಬಹುದಾದ ಒಂದೇ ಒಂದು ದಿನವನ್ನು ಎಷ್ಟೋ ಸಲ ಕೈಯಾರೆ ಕಳೆದುಕೊಳ್ಳುತ್ತೇವೆ.

ಈ ವೈರಾಣುಗಳು ಯಕೃತ್ತಿನ ಜೀವಕೋಶಗಳನ್ನು ನೇರವಾಗಿ ಕೊಲ್ಲುವುದು ಕಡಿಮೆ. ಅವು ಕೋಶದೊಳಗೆ ಹೊಕ್ಕು ತಮ್ಮ ಸಂತಾನ ಬೆಳೆಸಿಕೊಳ್ಳುತ್ತವೆ. ಸೋಂಕು ಹೊಕ್ಕ ಕೋಶವನ್ನು ಗುರುತಿಸಿ ನಾಶ ಮಾಡುವುದು ನಮ್ಮದೇ ರೋಗನಿರೋಧಕ ವ್ಯವಸ್ಥೆ. ಹೊಲಕ್ಕೆ ನುಗ್ಗಿದ ಹಂದಿಯನ್ನು ಓಡಿಸುವ ಭರದಲ್ಲಿ ಜೋಳವೂ ತುಳಿತಕ್ಕೆ ಸಿಕ್ಕ ಹಾಗೆ, ಯಕೃತ್ತಿಗೆ ಬೀಳುವ ಪೆಟ್ಟಿನಲ್ಲಿ ದೊಡ್ಡ ಪಾಲು ಈ ಕಾದಾಟದ್ದು. ವಯಸ್ಸು ಏಕೆ ಇಷ್ಟು ಮುಖ್ಯವೆಂಬುದು ಇಲ್ಲಿ ತಿಳಿಯುತ್ತದೆ. ಎಳೆಯ ಮಗುವಿನ ಮೈ ಮೆತ್ತಗೆ ಕಾದಾಡುತ್ತದೆ. ಹೆಪಟೈಟಿಸ್ ಎ ಮೈಯಲ್ಲಿ ನೆಲೆಯೂರುವ ವೈರಾಣುವಲ್ಲವಾದ್ದರಿಂದ ಮೆತ್ತಗಿನ ಕಾಳಗ ಮಗುವಿಗೆ ಲಾಭವೇ ಆಗುತ್ತದೆ: ಆರು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಶೇ. 70ರಷ್ಟು ಮಂದಿಗೆ ಯಾವ ಲಕ್ಷಣವೂ ಇಲ್ಲದೆ ಸೋಂಕು ಬಂದು ಹೋಗುತ್ತದೆ, ಅವರಿಗಿಂತ ದೊಡ್ಡವರಲ್ಲಿ ಹೆಚ್ಚುಕಡಿಮೆ ಅಷ್ಟೇ ಪಾಲು ಜನರಿಗೆ ಕಾಮಣಿ ಕಾಣಿಸಿಕೊಳ್ಳುತ್ತದೆ. ಹೆಪಟೈಟಿಸ್ ಬಿ ಹಾಗಲ್ಲ. ಅದನ್ನು ಬಲವಾಗಿ ಹೊಡೆದೋಡಿಸದಿದ್ದರೆ ಅದು ಹೋಗುವುದಿಲ್ಲ, ಹಸುಗೂಸಿಗೆ ಆ ಬಲವಿರುವುದಿಲ್ಲ. ಹುಟ್ಟುವಾಗ ತಗುಲಿದ ಮಕ್ಕಳಲ್ಲಿ ಶೇ. 90ರಷ್ಟು ಮಂದಿಯ ಮೈಯಲ್ಲಿ ಅದು ಉಳಿದೇ ಬಿಡುತ್ತದೆ. ಒಂದರಿಂದ ಐದು ವರ್ಷದೊಳಗೆ ತಗುಲಿದರೆ ಶೇ. 30ರಿಂದ 50, ದೊಡ್ಡವರಾದ ಮೇಲೆ ತಗುಲಿದರೆ ಶೇ. 5ಕ್ಕಿಂತ ಕಡಿಮೆ. ಒಂದೇ ಯಕೃತ್ತು, ಒಂದೇ ವಯಸ್ಸು, ಆದರೆ ಎರಡು ವೈರಾಣುಗಳ ಲೆಕ್ಕ ತಿರುವುಮುರುವು.

ಕೆಲವು ವರ್ಷಗಳ ಹಿಂದೆ ಹತ್ತು ವರ್ಷದ ಹುಡುಗನೊಬ್ಬನನ್ನು ನನ್ನ ಬಳಿ ಕರೆತಂದಿದ್ದರು. ಎರಡೂ ಮುಂಗೈಯಲ್ಲಿ ಚುಟಿಗಿ (ಸುಟ್ಟ ಬರೆ) ಹಾಕಿದ ಹಸಿ ಗಾಯವಿತ್ತು. ಎಣ್ಣೆ, ಅರಿಶಿಣ, ಬೇಳೆ ಎಲ್ಲವನ್ನೂ ಬಿಡಿಸಿ ನಾಲ್ಕು ದಿನದಿಂದ ಬರೀ ಗಂಜಿ ತಿಳಿ ಕೊಟ್ಟಿದ್ದರು. ತಂದೆಯ ಕೈಯಲ್ಲಿ ಎರಡು ರಕ್ತಪರೀಕ್ಷೆಯ ಚೀಟಿಗಳಿದ್ದವು. ಮೊದಲನೆಯದರಲ್ಲಿ ಯಕೃತ್ತಿನ ಕಿಣ್ವವಾದ ಎಸ್‌ಜಿಪಿಟಿ ಸಾವಿರಗಳಲ್ಲಿತ್ತು, ಎರಡನೆಯದರಲ್ಲಿ ನೂರುಗಳಿಗೆ ಇಳಿದಿತ್ತು, ಆದ್ದರಿಂದ ಮಗ ಸುಧಾರಿಸುತ್ತಿದ್ದಾನೆ ಎಂದು ಅವರು ಧೈರ್ಯ ತಂದುಕೊಂಡಿದ್ದರು. ತಾಯಿ ಹೇಳಿದ್ದು ಬೇರೆ: “ಹಗಲೆಲ್ಲಾ ಮಕ್ಕೋತಾನ್ರೀ ಸಾಹೇಬ್ರ, ರಾತ್ರಿ ಕಣ್ಣ ಮುಚ್ಚಂಗಿಲ್ಲ. ಸುಮ್‌ಸುಮ್ನ ನನ್ನ ಮ್ಯಾಲೆ ಸಿಟ್ಟ ಮಾಡ್ತಾನ, ಹಿಂಗ ಎಂದೂ ಇರಲಿಲ್ರೀ.” ರೋಗದ ನಿಜವಾದ ಸ್ಥಿತಿ ಇದ್ದದ್ದು ತಾಯಿಯ ಆ ಮಾತಿನಲ್ಲಿ. ಯಕೃತ್ತು ಕೈಬಿಟ್ಟಾಗ ಅಮೋನಿಯದಂಥ ವಿಷವಸ್ತುಗಳು ರಕ್ತದಲ್ಲಿ ಸೇರಿ ಮಿದುಳನ್ನು ಮುಟ್ಟುತ್ತವೆ, ಅದರ ಮೊದಲ ಗುರುತು ನಿದ್ದೆ ಅದಲುಬದಲಾಗುವುದು ಮತ್ತು ಸ್ವಭಾವ ಬದಲಾಗುವುದು. ಎಸ್‌ಜಿಪಿಟಿ ಇಳಿದದ್ದು ಗುಣದ ಲಕ್ಷಣವಾಗಿರಲಿಲ್ಲ. ಸಾಯುವ ಕೋಶಗಳಿಂದ ರಕ್ತಕ್ಕೆ ಸೋರುವ ವಸ್ತು ಅದು, ಸಾಯಲು ಉಳಿದ ಕೋಶಗಳೇ ಕಡಿಮೆಯಾದಾಗ ಅದೂ ಇಳಿಯುತ್ತದೆ. ನೋಡಬೇಕಾದದ್ದು ರಕ್ತ ಹೆಪ್ಪುಗಟ್ಟಲು ಆಗುವ ತಡವನ್ನು ಅಳೆಯುವ ಐಎನ್‌ಆರ್ ಎಂಬ ಅಂಕಿ. ವಿಟಮಿನ್ ಕೆ ಚುಚ್ಚುಮದ್ದು ಕೊಟ್ಟ ಮೇಲೂ ಅದು 2 ಅಥವಾ ಅದಕ್ಕಿಂತ ಮೇಲಿದ್ದರೆ, ಇಲ್ಲವೆ ಮಿದುಳಿನ ಲಕ್ಷಣಗಳ ಜೊತೆ 1.5 ಅಥವಾ ಅದಕ್ಕಿಂತ ಮೇಲಿದ್ದರೆ, ಮಗುವಿನ ಯಕೃತ್ತು ವಿಫಲವಾಗಿದೆ ಎಂದೇ ತಿಳಿಯಬೇಕು.

ಆ ಹುಡುಗ ತೀವ್ರ ನಿಗಾ ಘಟಕದಲ್ಲಿ ಎರಡು ವಾರವಿದ್ದು ಉಳಿದುಕೊಂಡ. ತಾಯಿಯ ಸೆರಗು ಹಿಡಿದು ಬಂದಿದ್ದ ಅವನ ಮೂರು ವರ್ಷದ ತಂಗಿಯ ರಕ್ತವನ್ನೂ ಅಂದು ಪರೀಕ್ಷಿಸಿದೆವು. ಅವಳಿಗೂ ಹೆಪಟೈಟಿಸ್ ಎ ತಗುಲಿತ್ತು. ಕಣ್ಣು ಬಿಳಿಯಾಗಿಯೇ ಇತ್ತು, ಒಂದು ದಿನವೂ ಊಟ ಬಿಟ್ಟಿರಲಿಲ್ಲ.

ಹೆಪಟೈಟಿಸ್ ಎ ತಗುಲಿದವರಲ್ಲಿ ಯಕೃತ್ತು ವಿಫಲವಾಗುವುದು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಆದರೂ ಭಾರತದ ಮಕ್ಕಳಲ್ಲಿ ಯಕೃತ್ತು ಹಠಾತ್ತನೆ ವಿಫಲವಾಗಲು ಅತಿ ಸಾಮಾನ್ಯ ಕಾರಣ ಅದೇ, ಏಕೆಂದರೆ ಸೋಂಕು ತಗುಲುವ ಮಕ್ಕಳ ಸಂಖ್ಯೆಯೇ ಅಪಾರ. ಯಾವ ಮಗು ಆ ಒಬ್ಬರಾಗುತ್ತದೆಂದು ಮೊದಲೇ ಹೇಳುವಂತಿಲ್ಲ, ಹಾಗಾಗಿ ಕಾಮಣಿಯಾದ ಪ್ರತಿ ಮಗುವಿನ ನಿದ್ದೆ, ಮಾತು, ಊಟ, ವಾಂತಿ ಇವುಗಳ ಮೇಲೆ ಮನೆಯವರು ಕಣ್ಣಿಡಬೇಕು. ಊಟ ಬಿಡಿಸುವುದು ತಪ್ಪು. ಪೆಟ್ಟು ತಿಂದ ಯಕೃತ್ತು ರಕ್ತದ ಸಕ್ಕರೆಯನ್ನು ಕಾಯ್ದುಕೊಳ್ಳಲಾರದು, ಉಪವಾಸವಿದ್ದ ಮಗು ಸಕ್ಕರೆ ಇಳಿದೇ ಎಚ್ಚರ ತಪ್ಪಬಹುದು. ರೊಟ್ಟಿ, ಅನ್ನ, ಬೇಳೆ, ಮೊಸರು, ಹಣ್ಣು ಏನು ಸೇರುತ್ತದೆಯೋ ಅದನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಜ್ವರಕ್ಕೆಂದು ಕೊಡುವ ಪ್ಯಾರಾಸಿಟಮಾಲ್ ಬಗ್ಗೆಯೂ ಒಂದು ಮಾತು: ಅದೇ ಸಿರಪ್ಪು 5 ಮಿ.ಲೀ.ಗೆ 125 ಮಿ.ಗ್ರಾಂ ಇರುವುದೂ 250 ಮಿ.ಗ್ರಾಂ ಇರುವುದೂ ಅಂಗಡಿಯಲ್ಲಿ ಸಿಗುತ್ತವೆ, ಬಾಟಲಿ ಬದಲಾಗಿ ಅಳತೆ ಮಾತ್ರ ಅದೇ ಉಳಿದರೆ ಮದ್ದು ಎರಡು ಪಟ್ಟಾಗುತ್ತದೆ, ಮತ್ತು ಹೆಚ್ಚಾದ ಪ್ಯಾರಾಸಿಟಮಾಲ್ ಸುಡುವುದು ಯಕೃತ್ತನ್ನೇ.

ಕಾಮಣಿಗೆ ಕೊಡುವ ಗಿಡಮೂಲಿಕೆಗಳಲ್ಲಿ ಎಲ್ಲರಿಗೂ ತಿಳಿದದ್ದು ನೆಲನೆಲ್ಲಿ. ವಿಜ್ಞಾನ ಅದನ್ನು ಪರೀಕ್ಷಿಸದೆ ತಳ್ಳಿಹಾಕಿದೆ ಎಂಬ ದೂರು ನಿಜವಲ್ಲ. 1988ರಲ್ಲಿ ಮದರಾಸಿನ ಸಂಶೋಧಕರು, ಹೆಪಟೈಟಿಸ್ ಬಿ ವೈರಾಣುವನ್ನು ಗುರುತಿಸಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಅವರ ಜೊತೆ ಸೇರಿ, ಈ ಗಿಡವನ್ನು ಹೆಪಟೈಟಿಸ್ ಬಿ ಹೊತ್ತವರಿಗೆ ಕೊಟ್ಟು ನೋಡಿದರು. 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಾಣುವಿನ ಗುರುತು ಮಾಯವಾಯಿತೆಂದು ವರದಿ ಮಾಡಿದರು. ಆಮೇಲೆ ಬೇರೆ ಬೇರೆ ಕಡೆ ನಡೆದ ಪ್ರಯೋಗಗಳಲ್ಲಿ ಆ ಫಲ ಮತ್ತೆ ಸಿಗಲಿಲ್ಲ. ಹೆಪಟೈಟಿಸ್ ಎ ಆದ ನೂರರಲ್ಲಿ ತೊಂಬತ್ತೊಂಬತ್ತು ಮಕ್ಕಳು ಏನು ಕೊಟ್ಟರೂ, ಏನೂ ಕೊಡದಿದ್ದರೂ ಗುಣವಾಗುವುದರಿಂದ, ಕೊಟ್ಟದ್ದಕ್ಕೆಲ್ಲ ಕೀರ್ತಿ ಬರುತ್ತದೆ. ನೆಲನೆಲ್ಲಿಯ ಕಷಾಯದ ಬಗ್ಗೆ ನನಗೆ ಅಷ್ಟು ತಕರಾರಿಲ್ಲ. ಬರೆ ಹಾಕುವುದು, ಮೂಗಿಗೆ ಕಹಿ ರಸ ಹಿಂಡುವುದು, ಹೆಸರು ಹೇಳದ ಪುಡಿ ಕೊಡುವುದು ಇವುಗಳ ಬಗ್ಗೆ ಇದೆ, ಮತ್ತು ಅವುಗಳಲ್ಲಿ ಕಳೆದುಹೋಗುವ ದಿನಗಳ ಬಗ್ಗೆ ಇನ್ನೂ ಹೆಚ್ಚು ಇದೆ.

ಈಗ ನೀರಿನ ವಿಷಯ. ಹೆಪಟೈಟಿಸ್ ಎ ಸೋಂಕಿದ ಮಗುವಿನ ಮಲದಲ್ಲಿ ವೈರಾಣು ಅತಿ ಹೆಚ್ಚು ಹೊರಬೀಳುವುದು ಕಣ್ಣು ಹಳದಿಯಾಗುವ ಮೊದಲಿನ ಒಂದೆರಡು ವಾರಗಳಲ್ಲಿ. ಮನೆಯವರಿಗೆ ರೋಗ ತಿಳಿಯುವ ಹೊತ್ತಿಗೆ ಅದು ಗಟಾರ ಸೇರಿರುತ್ತದೆ. ನಮ್ಮ ಊರುಗಳಲ್ಲಿ ಕುಡಿಯುವ ನೀರಿನ ಕೊಳವೆ ಹಲವೆಡೆ ಗಟಾರದ ಮಗ್ಗುಲಲ್ಲೇ ಹಾದುಹೋಗುತ್ತದೆ. ನೀರು ಬಿಟ್ಟಾಗ ಒತ್ತಡವಿರುವುದರಿಂದ ಬಿರುಕಿನಿಂದ ನೀರು ಹೊರಗೆ ಸೋರುತ್ತದೆ, ನೀರು ನಿಲ್ಲಿಸಿದಾಗ ಅದೇ ಬಿರುಕಿನಿಂದ ಹೊರಗಿನ ಕೊಳೆ ಒಳಗೆ ಇಳಿಯುತ್ತದೆ. ನಳಕ್ಕೆ ನೇರವಾಗಿ ಮೋಟಾರು ಹಚ್ಚಿ ಎಳೆಯುವ ಮನೆ ಓಣಿಯಲ್ಲಿ ಒಂದಿದ್ದರೂ ಸಾಕು, ನೀರು ಬಿಟ್ಟ ಹೊತ್ತಿನಲ್ಲೂ ಆ ಕೊಳೆಯನ್ನು ಅದು ಸೆಳೆಯುತ್ತದೆ. ಒತ್ತಡದ ಮಹತ್ವ ವಿಜಯಪುರಕ್ಕೆ ಹೊಸದೇನಲ್ಲ. ಊರ ಹತ್ತಿರದ ತೊರವಿಯಿಂದಲೂ, 1651ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದಲೂ ಊರೊಳಗೆ ನೀರು ತಂದ ಆದಿಲ್‌ಶಾಹಿ ಕಾಲದವರು ಕೊಳವೆಗಳ ಒತ್ತಡ ಹತೋಟಿಯಲ್ಲಿರಲೆಂದೂ ಹೂಳು ತಳಕ್ಕಿಳಿಯಲೆಂದೂ ದಾರಿಯುದ್ದಕ್ಕೆ ಕಲ್ಲಿನ ನೀರಿನ ಗೋಪುರಗಳಾದ ಗಂಜ್‌ಗಳನ್ನು ನಿಲ್ಲಿಸಿದರು. ಅವುಗಳಲ್ಲಿ ಕೆಲವು ಇಂದಿಗೂ ನಿಂತಿವೆ.

ದಿನ ಬಿಟ್ಟು ದಿನ, ವಾರಕ್ಕೊಮ್ಮೆ ಬರುವ ನೀರಿಗೂ ಇಡೀ ದಿನ ಹರಿಯುವ ನೀರಿಗೂ ಇರುವ ವ್ಯತ್ಯಾಸ ನಮ್ಮ ನೆರೆಯಲ್ಲೇ ಅಳೆಯಲ್ಪಟ್ಟಿದೆ. ಬೆಳಗಾವಿ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿಯ ಕೆಲವು ವಾರ್ಡುಗಳಲ್ಲಿ 2008ರ ಸುಮಾರಿಗೆ ಸತತ ನೀರು ಪೂರೈಕೆ ಆರಂಭವಾಯಿತು. ಹುಬ್ಬಳ್ಳಿ-ಧಾರವಾಡದಲ್ಲಿ ಎರಡೂ ಬಗೆಯ ಓಣಿಗಳ ನೀರನ್ನು ಹೋಲಿಸಿ ನೋಡಿದಾಗ, ಬಿಟ್ಟು ಬಿಟ್ಟು ಬರುವ ನೀರಿನಲ್ಲಿ ಮಲದ ಸೂಕ್ಷ್ಮಜೀವಿಗಳು ಹೆಚ್ಚು ಸಲ ಸಿಕ್ಕವು, ಅದರಲ್ಲೂ ನೀರು ಬಿಟ್ಟ ಮೊದಲ ಕ್ಷಣಗಳ ನೀರು ಹೆಚ್ಚು ಕೆಟ್ಟದ್ದಾಗಿತ್ತು. ನಳದ ಮೊದಲ ಕೊಡವನ್ನು ಕುಡಿಯಲು ಹಿಡಿಯಬಾರದೆಂದು ನಾನು ಮನೆಯವರಿಗೆ ಹೇಳುವುದು ಇದಕ್ಕೇ. ಕ್ಲೋರಿನ್ ಹಾಕಿದ್ದಾರೆಂಬ ಭರವಸೆಯೂ ಪೂರ್ತಿಯದಲ್ಲ. 1955-56ರಲ್ಲಿ ದೆಹಲಿಯಲ್ಲಿ ಯಮುನೆಯ ನೀರೆತ್ತುವ ಜಾಗಕ್ಕೆ ನಜಫ್‌ಗಢ ನಾಲೆಯ ಹೊಲಸು ನುಗ್ಗಿದಾಗ ನೀರಿಗೆ ಕ್ಲೋರಿನ್ ಹಾಕಲಾಗಿತ್ತು. ಬ್ಯಾಕ್ಟೀರಿಯದ ರೋಗಗಳು ಹೆಚ್ಚಲಿಲ್ಲ, ಆದರೆ ಸುಮಾರು 29,000 ಜನರಿಗೆ ಕಾಮಣಿಯಾಯಿತು. ಅದು ಹೆಪಟೈಟಿಸ್ ಇ ಎಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ. ಇ ವೈರಾಣು ಮಕ್ಕಳಲ್ಲಿ ಬಹುತೇಕ ಸದ್ದಿಲ್ಲದೆ ಹೋಗುತ್ತದೆ. ಅದರ ಕ್ರೌರ್ಯವೆಲ್ಲ ಬಸುರಿಯರ ಮೇಲೆ, ಮತ್ತು ಅವರ ಹೊಟ್ಟೆಯ ಕೂಸಿನ ಮೇಲೆ. ನೀರನ್ನು ಮರಳುವಂತೆ ಕುದಿಸುವುದು ಎರಡೂ ವೈರಾಣುಗಳಿಗೆ ಸಾಕು.

ಇಲ್ಲೊಂದು ತೊಡಕಿದೆ, ಅದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ. ಹಿಂದೆ ನಮ್ಮ ಮಕ್ಕಳೆಲ್ಲ ಮೂರು ನಾಲ್ಕು ವರ್ಷದೊಳಗೇ ಹೆಪಟೈಟಿಸ್ ಎ ತಗುಲಿಸಿಕೊಂಡು, ಯಾರಿಗೂ ತಿಳಿಯದ ಹಾಗೆ ಗೆದ್ದು, ಜನ್ಮಪೂರ್ತಿ ರಕ್ಷಣೆ ಪಡೆಯುತ್ತಿದ್ದರು. ಶೌಚಾಲಯ, ಶುದ್ಧ ನೀರಿನ ಘಟಕಗಳು ಬಂದ ಮೇಲೆ ಎಳೆಯ ವಯಸ್ಸಿನ ಸೋಂಕು ಕಡಿಮೆಯಾಗಿದೆ. ಆದರೆ ವೈರಾಣು ಊರು ಬಿಟ್ಟು ಹೋಗಿಲ್ಲ. ರಕ್ಷಣೆಯಿಲ್ಲದೆ ಬೆಳೆದ ಮಗು ಹತ್ತನೆಯ ವಯಸ್ಸಿಗೋ ಹಾಸ್ಟೆಲಿನಲ್ಲೋ ಅದನ್ನು ಮೊದಲ ಸಲ ಎದುರಿಸುತ್ತದೆ, ಆಗ ರೋಗ ಜೋರಾಗಿರುತ್ತದೆ. ನೈರ್ಮಲ್ಯದಲ್ಲಿ ಮುಂದಿರುವ ಕೇರಳದಲ್ಲಿ 2024ರಲ್ಲಿ ಎರ್ನಾಕುಲಂ ಜಿಲ್ಲೆಯ ವೆಂಗೂರಿನಲ್ಲಿ ಇನ್ನೂರಕ್ಕೂ ಹೆಚ್ಚು ಜನರಿಗೆ ಕಾಮಣಿ ಹಬ್ಬಿದ್ದರ ಹಿನ್ನೆಲೆ ಇದೇ. ವಿಜಯಪುರ, ಬಾಗಲಕೋಟೆಯಂಥ ಜಿಲ್ಲೆಗಳು ಈಗ ಆ ಬದಲಾವಣೆಯ ನಟ್ಟನಡುವೆ ಇವೆ ಎಂದು ನನ್ನ ಎಣಿಕೆ. ನೀರು ಸುಧಾರಿಸುವುದನ್ನು ನಿಲ್ಲಿಸುವಂತಿಲ್ಲ, ಆದ್ದರಿಂದ ಜೊತೆಗೆ ಲಸಿಕೆ ಬೇಕು. ಅರ್ಜೆಂಟೀನಾ 2005ರಲ್ಲಿ ಒಂದು ವರ್ಷ ತುಂಬಿದ ಪ್ರತಿ ಮಗುವಿಗೆ ಒಂದೇ ಡೋಸು ಕೊಡಲು ಶುರುಮಾಡಿತು; ಎರಡೇ ವರ್ಷಗಳಲ್ಲಿ ಹೆಪಟೈಟಿಸ್ ಎ ಕಾರಣದಿಂದ ಮಕ್ಕಳಿಗೆ ಯಕೃತ್ತಿನ ಕಸಿ ಮಾಡುವ ಪ್ರಸಂಗವೇ ಅಲ್ಲಿ ನಿಂತುಹೋಯಿತು. ನಮ್ಮಲ್ಲಿ ಈ ಲಸಿಕೆ ಖಾಸಗಿ ದವಾಖಾನೆಗಳಲ್ಲಿ ದುಡ್ಡು ಕೊಟ್ಟವರಿಗೆ ಸಿಗುತ್ತದೆ, ಸರಕಾರದ ಸಾರ್ವತ್ರಿಕ ಪಟ್ಟಿಯಲ್ಲಿಲ್ಲ. 2024ರ ಜನವರಿಯಲ್ಲಿ ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸಂಸ್ಥೆ ದೇಶದಲ್ಲೇ ರೂಪಿಸಿದ ಲಸಿಕೆಯನ್ನು ಮಾರುಕಟ್ಟೆಗೆ ತಂದಿರುವುದರಿಂದ, ಅದನ್ನು ಪಟ್ಟಿಗೆ ಸೇರಿಸುವ ಮಾತನ್ನು ಮುಂದೂಡಲು ಹಳೆಯ ಕಾರಣಗಳು ಸಾಲವು. ಮನೆಯಲ್ಲಿ ಒಬ್ಬರಿಗೆ ರೋಗ ಖಚಿತವಾದರೆ ಉಳಿದ ಮಕ್ಕಳಿಗೆ ಎರಡು ವಾರದೊಳಗೆ ಲಸಿಕೆ ಹಾಕಿಸಿದರೂ ಪ್ರಯೋಜನವಿದೆ ಎಂಬುದು ಬಹಳ ಮನೆಗಳಿಗೆ ಗೊತ್ತಿಲ್ಲ.

ಎ, ಬಿ, ಇ ಅಲ್ಲದ ವೈರಾಣುಗಳೂ ಮಕ್ಕಳ ಯಕೃತ್ತನ್ನು ಮುಟ್ಟುತ್ತವೆ. ಡೆಂಗಿಯಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಯಕೃತ್ತಿನ ಕಿಣ್ವಗಳು ಏರುವುದು ಸಾಮಾನ್ಯ. ನವಜಾತ ಶಿಶುವಿನಲ್ಲಿ ಹರ್ಪಿಸ್ ವೈರಾಣು ಯಕೃತ್ತನ್ನು ಕೆಲವೇ ದಿನಗಳಲ್ಲಿ ಕೆಡಿಸಬಲ್ಲದು. ಹೆಪಟೈಟಿಸ್ ಸಿ ತಾಯಿಯಿಂದ ಮಗುವಿಗೆ ದಾಟುವುದು ನೂರಕ್ಕೆ ಐದರಷ್ಟು; ಅದಕ್ಕೆ ಲಸಿಕೆಯಿಲ್ಲ, ಆದರೆ ಮೂರು ವರ್ಷ ತುಂಬಿದ ಮಕ್ಕಳಿಗೆ ಬಾಯಿಯ ಮಾತ್ರೆಗಳಿಂದಲೇ ಗುಣಪಡಿಸಬಹುದು. 2022ರ ಏಪ್ರಿಲ್‌ನಲ್ಲಿ ಬ್ರಿಟನ್ನಿನಿಂದ ಮೊದಲು ವರದಿಯಾದ ಕಾರಣ ತಿಳಿಯದ ಹೆಪಟೈಟಿಸ್ ಆ ಜುಲೈ ಹೊತ್ತಿಗೆ 35 ದೇಶಗಳ ಸಾವಿರ ಮಕ್ಕಳಲ್ಲಿ ಕಂಡಿತ್ತು. ಅಡಿನೊ ವೈರಾಣುವನ್ನು ನೆಚ್ಚಿ ಬದುಕುವ, ನಿರುಪದ್ರವಿಯೆಂದೇ ತಿಳಿದಿದ್ದ ಎಎವಿ2 ಎಂಬ ಪುಟ್ಟ ವೈರಾಣು ಆ ಮಕ್ಕಳಲ್ಲಿ ಸಿಕ್ಕಿತು, ಜೊತೆಗೆ ಅವರ ರೋಗನಿರೋಧಕ ವ್ಯವಸ್ಥೆಯ ಒಂದು ಆನುವಂಶಿಕ ಗುಣವೂ ಹೊಂದಿಕೊಂಡಿತು. ವೈರಾಣು ಮತ್ತು ಮೈ ಇವೆರಡೂ ಸೇರಿಯೇ ರೋಗವಾಗುತ್ತದೆ ಎಂಬ ಮಾತಿಗೆ ಇದು ಮತ್ತೊಂದು ಸಾಕ್ಷಿ.

ಹಾಗೆಂದು ಎಲ್ಲವನ್ನೂ ವೈರಾಣುವಿನ ತಲೆಗೆ ಕಟ್ಟುವುದೂ ಅಪಾಯವೇ. ಹುಟ್ಟಿದ ಮಗುವಿನ ಕಾಮಣಿ ಎರಡು ವಾರ ದಾಟಿಯೂ ಉಳಿದು, ಮಲ ಸುಣ್ಣದ ಹಾಗೆ ಬಿಳಿಚಿಕೊಂಡಿದ್ದರೆ ಅದು ಪಿತ್ತನಾಳ ಮುಚ್ಚಿಕೊಂಡ ರೋಗವಿರಬಹುದು. ಅದನ್ನು ಪ್ರಚೋದಿಸುವುದರಲ್ಲಿ ಸೈಟೊಮೆಗಾಲೊ ವೈರಾಣುವಿನ ಕೈವಾಡವಿರಬಹುದೆಂಬ ಸಂಶೋಧನೆ ನಡೆಯುತ್ತಲೇ ಇದೆ, ಆದರೆ ಮಗುವಿಗೆ ಬೇಕಾದದ್ದು ಜಪಾನಿನ ವೈದ್ಯ ಮೊರಿಯೊ ಕಸಾಯ್ ರೂಪಿಸಿದ ಶಸ್ತ್ರಚಿಕಿತ್ಸೆ, ಅದೂ 60 ದಿನದೊಳಗೆ. ಎಳೆಬಿಸಿಲಿಗೆ ಹಿಡಿದರೆ ಹೋಗುತ್ತದೆ ಎಂದು ಮೂರು ತಿಂಗಳು ಕಾದವರನ್ನು ನಾನು ಕಂಡಿದ್ದೇನೆ. ಇನ್ನು ನಮ್ಮ ಹಿರಿಯರ ಕಾಲದಲ್ಲಿ ಒಂದೇ ಮನೆಯ ಮಕ್ಕಳು ಒಂದರ ಹಿಂದೊಂದು ಹೊಟ್ಟೆ ಉಬ್ಬಿ ಸಾಯುತ್ತಿದ್ದ ಯಕೃತ್ತಿನ ರೋಗವೊಂದಿತ್ತು. ಅದಕ್ಕೂ ವೈರಾಣು ಕಾರಣವಿದ್ದೀತೆಂಬ ಶಂಕೆ ಬಹುಕಾಲ ಇತ್ತು. 1980ರ ದಶಕದಲ್ಲಿ ಪುಣೆಯ ವೈದ್ಯರು ಕಂಡುಕೊಂಡದ್ದು ಬೇರೆ: ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕಾಯಿಸಿಟ್ಟ ಹಾಲಿನಿಂದ ಕೂಸಿನ ಯಕೃತ್ತಿಗೆ ತಾಮ್ರ ಸೇರುತ್ತಿತ್ತು. ಪಾತ್ರೆ ಬದಲಾಯಿತು, ರೋಗವೂ ಹೆಚ್ಚುಕಡಿಮೆ ಇಲ್ಲವಾಯಿತು.

ಇನ್ನು ಆ ಕಾಣದ ಕಾಮಣಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ 2.98 ಕೋಟಿ ಜನ ಹೆಪಟೈಟಿಸ್ ಬಿ ಹೊತ್ತು ಬದುಕುತ್ತಿದ್ದರು. ಹುಟ್ಟುವಾಗ ಅದನ್ನು ಪಡೆದ ಮಗು ಆಡುತ್ತದೆ, ಓದುತ್ತದೆ, ಮದುವೆಯಾಗುತ್ತದೆ. ಮೂವತ್ತು ನಲವತ್ತರ ವಯಸ್ಸಿನಲ್ಲಿ ಹೊಟ್ಟೆಯಲ್ಲಿ ನೀರು ತುಂಬಿದಾಗ, ಇಲ್ಲವೆ ಯಕೃತ್ತಿನ ಕ್ಯಾನ್ಸರ್ ಕಂಡಾಗ ವಿಷಯ ತಿಳಿಯುತ್ತದೆ. ಎಳೆತನದಲ್ಲಿ ತಗುಲಿ ಮೈಯಲ್ಲೇ ಉಳಿದವರಲ್ಲಿ ಸುಮಾರು ಕಾಲು ಭಾಗದಷ್ಟು ಜನರ ಸಾವು ಇದರಿಂದಲೇ. ತೈವಾನ್ 1984ರಲ್ಲಿ ನವಜಾತ ಶಿಶುಗಳಿಗೆ ಲಸಿಕೆ ಶುರುಮಾಡಿದ ಹತ್ತು ವರ್ಷಗಳಲ್ಲಿ, 6ರಿಂದ 14 ವರ್ಷದ ಮಕ್ಕಳ ಯಕೃತ್ತಿನ ಕ್ಯಾನ್ಸರ್ ಲಕ್ಷಕ್ಕೆ 0.70ರಿಂದ 0.36ಕ್ಕೆ ಇಳಿಯಿತು. ಒಂದು ಲಸಿಕೆ ಕ್ಯಾನ್ಸರನ್ನು ತಡೆಯುತ್ತದೆಂದು ಅಂಕಿಗಳಲ್ಲಿ ಮೊದಲು ಕಂಡದ್ದು ಅಲ್ಲಿ.

ನಮ್ಮ ದೇಶದಲ್ಲಿ 2002ರಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಈ ಲಸಿಕೆ 2011ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಬಂತು. 6, 10, 14 ವಾರಗಳಿಗೆ ಕೊಡುವ, ಐದು ರೋಗಗಳ ಪೆಂಟಾವೇಲೆಂಟ್ ಸೂಜಿಯಲ್ಲಿ ಅದು ಸೇರಿದೆ, ಹೆಚ್ಚಿನ ಮಕ್ಕಳಿಗೆ ಅದು ಸಿಗುತ್ತದೆ ಕೂಡ. ಆದರೆ ತಾಯಿಯಿಂದ ದಾಟಿದ ವೈರಾಣುವಿಗೆ ಆರು ವಾರ ಬಹಳ ತಡ. ಹುಟ್ಟಿದ 24 ತಾಸಿನೊಳಗಿನ ಮೊದಲ ಡೋಸೇ ಅದನ್ನು ತಡೆಯುವುದು. ತಾಯಿಗೆ ಸೋಂಕಿದ್ದರೆ ಲಸಿಕೆಯ ಜೊತೆ ಸಿದ್ಧ ಪ್ರತಿಕಾಯಗಳಿರುವ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದನ್ನೂ, ಸಾಧ್ಯವಾದರೆ 12 ತಾಸಿನೊಳಗೆ, ಮಗುವಿನ ಇನ್ನೊಂದು ತೊಡೆಗೆ ಕೊಡಬೇಕು. ತಾಯಿಯ ರಕ್ತದಲ್ಲಿ ವೈರಾಣುವಿನ ಪ್ರಮಾಣ ಮಿ.ಲೀ.ಗೆ 2 ಲಕ್ಷ ಯೂನಿಟ್ ದಾಟಿದ್ದರೆ ಕೊನೆಯ ತಿಂಗಳುಗಳಲ್ಲಿ ಆಕೆಗೆ ವೈರಾಣುವನ್ನು ತಗ್ಗಿಸುವ ಟೆನೊಫೊವಿರ್ ಮಾತ್ರೆಯೂ ಬೇಕು. ಇಷ್ಟಾದರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಕ್ಕಳು ಪಾರಾಗುತ್ತಾರೆ, ತಾಯಿ ಎದೆಹಾಲು ಕುಡಿಸಲು ಅಡ್ಡಿಯಿಲ್ಲ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆಯೂ ಔಷಧವೂ ಉಚಿತ.

ಎಡವುವುದು ಎಲ್ಲಿ ಎಂಬುದು ಈ ಭಾಗದ ಬದುಕಿನಲ್ಲೇ ಇದೆ. ಗಂಡನ ಮನೆಯ ಊರಿನಲ್ಲಿ ಆರನೆಯ ತಿಂಗಳಿಗೆ ರಕ್ತಪರೀಕ್ಷೆಯಾಗಿರುತ್ತದೆ, ಚೊಚ್ಚಲ ಬಾಣಂತನಕ್ಕೆ ಹೆಣ್ಣುಮಗಳು ಬೆಳಗಾವಿ ಜಿಲ್ಲೆಯ ತವರಿಗೆ ಹೋಗುತ್ತಾಳೆ, ವರದಿ ಹಿಂದೆಯೇ ಉಳಿಯುತ್ತದೆ. ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಸಾಂಗಲಿ, ಕೊಲ್ಹಾಪುರದ ಕಡೆ ಹೋದವಳು ಅಲ್ಲಿನ ಗುಡಿಸಲಿನಲ್ಲೇ ಹೆರುತ್ತಾಳೆ, ಮಗುವಿಗೆ ಮೊದಲ ಸೂಜಿ ಬೀಳುವುದು ಸುಗ್ಗಿ ಮುಗಿದು ಊರಿಗೆ ಬಂದ ಮೇಲೆ. ಭಾನುವಾರ ರಾತ್ರಿ ಹುಟ್ಟಿದ ಮಗುವಿಗೆ “ಬುಧವಾರ ಅಂಗನವಾಡಿಗೆ ಕರ್ಕೊಂಡ್ ಬರ್ರಿ” ಎನ್ನುವ ಹೆರಿಗೆ ಕೋಣೆಯನ್ನೂ ನಾನು ಕಂಡಿದ್ದೇನೆ. ಒಂದು ಬಾಟಲಿಯಲ್ಲಿ ಹತ್ತು ಡೋಸು, ಒಂದು ಮಗುವಿಗಾಗಿ ಒಡೆದರೆ ವ್ಯರ್ಥವಾಗುತ್ತದೆ ಎಂಬ ಹಿಂಜರಿಕೆ ಅಲ್ಲಿತ್ತು. ಒಡೆದ ಬಾಟಲಿಯನ್ನು ತಂಪಿನಲ್ಲಿ ಸರಿಯಾಗಿಟ್ಟರೆ 28 ದಿನಗಳವರೆಗೆ ಬಳಸಲು ನಿಯಮದಲ್ಲೇ ಅವಕಾಶವಿದೆ. ಇಮ್ಯುನೊಗ್ಲಾಬ್ಯುಲಿನ್ ಮಾತ್ರ ಪ್ರತಿ ತಾಲ್ಲೂಕು ದವಾಖಾನೆಯ ಫ್ರಿಜ್ಜಿನಲ್ಲಿ ಯಾವಾಗಲೂ ಇರುವ ವಸ್ತುವಲ್ಲ. ತಾಯಿಗೆ ಸೋಂಕಿದೆಯೆಂದು ಹೆರಿಗೆಗೆ ಮೊದಲೇ ತಿಳಿದಿದ್ದರಷ್ಟೇ ಜಿಲ್ಲಾ ಆಸ್ಪತ್ರೆಯಿಂದ ತರಿಸಿಡಲು ಸಾಧ್ಯ. ಆದ್ದರಿಂದ ತವರಿಗೆ ಹೊರಟ ಪ್ರತಿ ಬಸುರಿಯ ತಾಯಿ ಕಾರ್ಡಿನಲ್ಲಿ ಹೆಪಟೈಟಿಸ್ ಬಿ ಪರೀಕ್ಷೆಯ ಫಲ ಬರೆದಿದೆಯೇ ಎಂದು ಆಶಾ ಕಾರ್ಯಕರ್ತೆ ನೋಡಬೇಕು, ಬರೆದಿಲ್ಲದಿದ್ದರೆ ಬಸ್ಸು ಹತ್ತುವ ಮೊದಲೇ ಬರೆಸಬೇಕು.